ನಗೆ ಅನಿಲ ಮತ್ತು ನ್ಯಾಯಮೂರ್ತಿಗಳ ವೈವಾ

ಮೊದಲ ವರ್ಷದ ಕೆಮಿಸ್ಟ್ರಿ ಪೇಪರ್‌ನಲ್ಲಿ ನೈಟ್ರೋಜನ್ ಆಕ್ಸೈಡ್‌ಗಳು ಅಂತ ಬರೆಯಬೇಕಾದ ಕಡೆ ನೈಟ್ರಸ್ ಆಕ್ಸೈಡ್ ಅಂತ ಬರೆದರೆ ಏನಾಗುತ್ತೆ? ಹೆಚ್ಚೆಂದರೆ ಒಂದೆರಡು ಮಾರ್ಕ್ಸ್ ಹೋಗುತ್ತೆ. ಮೊದಲನೆಯದು ನಾವು ನಾಕ್ಸ್ ಅಂತ ಕರೆಯೋದು. ಗಾಡಿಗಳ ಸೈಲೆನ್ಸರ್‌ನಿಂದ, ಪವರ್ ಪ್ಲಾಂಟ್‌ಗಳ ಚಿಮಣಿಯಿಂದ ಹೊರಬಿದ್ದು, ಬಿಸಿಲಿನಲ್ಲಿ ಬೇರೆ ಆವಿಗಳ ಜೊತೆ ಸೇರಿ ನೆಲಮಟ್ಟದ ಓಝೋನ್ ಆಗಿ, ಆಸ್ತಮಾ ಇರೋರ ಉಸಿರು ಕಟ್ಟಿಸುತ್ತೆ. ಎರಡನೆಯದು ಹಲ್ಲು ಕೀಳುವಾಗ ಕೆಲವು ಡೆಂಟಿಸ್ಟ್‌ಗಳು ಮೂಗಿಗೆ ಹಿಡಿಯೋ ನಗೆ ಅನಿಲ.

2024ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಓಹಾಯೋ ರಾಜ್ಯ ಮತ್ತು ಇಪಿಎ, ಅಂದರೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ನಡುವಿನ ಕೇಸು. ಬರೆದವರು ನ್ಯಾಯಮೂರ್ತಿ ನೀಲ್ ಗೋರ್ಸಚ್. ಅದರಲ್ಲಿ ಐದು ಕಡೆ ನಾಕ್ಸ್ ಬದಲು ನೈಟ್ರಸ್ ಆಕ್ಸೈಡ್ ಅಂತ ಅಚ್ಚಾಗಿತ್ತು. ಒಂದು ರಾಜ್ಯದ ಹೊಗೆ ಗಾಳಿಯಲ್ಲಿ ತೇಲಿ ಪಕ್ಕದ ರಾಜ್ಯದವರ ಶ್ವಾಸಕೋಶಕ್ಕೆ ಹೋಗಬಾರದು ಅನ್ನೋ ನಿಯಮಕ್ಕೆ ತಡೆ ಕೊಟ್ಟ ತೀರ್ಪು ಅದು. ಅಂದರೆ ಇಡೀ ಕೇಸೇ ಆ ಅನಿಲದ ಬಗ್ಗೆ! ತಪ್ಪನ್ನು ಬೇಗ ತಿದ್ದಿದರು. ಅಷ್ಟರೊಳಗೆ ಇಂಟರ್‌ನೆಟ್ ನಗೋದನ್ನೆಲ್ಲ ನಕ್ಕು ಮುಗಿಸಿತ್ತು, ಅನಿಲದ ಅಗತ್ಯವೇ ಇಲ್ಲದೆ.

ನಾನು ಈ ಲೇಖನ ಬರೀತಿರೋದು ಆ ನಗುವಿಗೆ ಇನ್ನೊಂದು ಮೀಮ್ ಸೇರಿಸೋಕಲ್ಲ. ಟೈಪಿಂಗ್ ತಪ್ಪು ಯಾರಿಗಾದರೂ ಆಗುತ್ತೆ. ಯೋಚನೆಗೆ ಹಚ್ಚಿದ್ದು ಮಾರನೇ ದಿನ ನಡೆದದ್ದು. ಜೂನ್ 28ರಂದು ಅದೇ ಕೋರ್ಟ್ ಲೋಪರ್ ಬ್ರೈಟ್ ಅನ್ನೋ ಕೇಸಿನಲ್ಲಿ, 40 ವರ್ಷದಿಂದ ನಡೆದುಬಂದಿದ್ದ ಒಂದು ಪದ್ಧತಿಯನ್ನು ಕೈಬಿಟ್ಟಿತು. ಕಾನೂನಿನ ಒಂದು ಪದಕ್ಕೆ ಎರಡು ಅರ್ಥ ಸಾಧ್ಯವಿದ್ದಾಗ, ಆ ಕ್ಷೇತ್ರದ ತಜ್ಞ ಸಂಸ್ಥೆ ಹೇಳೋ ಅರ್ಥ ಸಮಂಜಸವಾಗಿದ್ದರೆ ಕೋರ್ಟ್ ಅದನ್ನು ಒಪ್ಪಬೇಕು ಅನ್ನೋದು ಹಳೇ ಪದ್ಧತಿ. ಇನ್ನು ಮೇಲೆ ಹಾಗಿಲ್ಲ, ಅರ್ಥ ಹೇಳೋದು ಜಡ್ಜ್‌ಗಳ ಕೆಲಸ, ತಜ್ಞರ ಮಾತನ್ನು ಕೇಳಬಹುದು ಆದರೆ ಕೊನೆಯ ಮಾತು ನಮ್ಮದೇ ಅಂತ ಹೇಳಿತು. ಹಾಗಿದ್ದ ಮೇಲೆ ಆ ಕುರ್ಚಿಯಲ್ಲಿ ಕೂರೋರು ಯಾರು, ಅವರನ್ನು ಕೂರಿಸುವ ಮೊದಲು ಏನು ಕೇಳಬೇಕು ಅನ್ನೋದು ನಮ್ಮಂಥ ಎಂಜಿನಿಯರಿಂಗ್ ಓದೋರಿಗೂ ಸಂಬಂಧಪಟ್ಟ ಪ್ರಶ್ನೆ. ಚಿಮಣಿಯಲ್ಲಿ ಎಷ್ಟು ಪಿಪಿಎಂ ಬಿಡಬಹುದು, ಯಾವ ಜಾಗವನ್ನು ಜೌಗು ಪ್ರದೇಶ ಅನ್ನಬಹುದು ಅನ್ನೋ ಲೆಕ್ಕಗಳೆಲ್ಲ ಕೊನೆಗೆ ಅವರ ಮೇಜಿನ ಮೇಲೆ ಹೋಗಿ ಬೀಳುತ್ತವೆ.

ಅಮೆರಿಕದಲ್ಲಿ ಫೆಡರಲ್ ಜಡ್ಜ್‌ಗಳನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಒಪ್ಪುವ ಮೊದಲು ನ್ಯಾಯಾಂಗ ಸಮಿತಿಯ ಮುಂದೆ ದಿನಗಟ್ಟಲೆ ಪ್ರಶ್ನೋತ್ತರ, ಅದೂ ಟಿವಿಯಲ್ಲಿ ನೇರಪ್ರಸಾರ. ಒಮ್ಮೆ ಕೂತರೆ ನಿವೃತ್ತಿ ವಯಸ್ಸು ಅಂತ ಇಲ್ಲ, ಜೀವಮಾನದ ಹುದ್ದೆ. ನಮ್ಮ ವೈವಾ ನೆನಪು ಮಾಡಿಕೊಳ್ಳಿ. ಎಕ್ಸ್‌ಟರ್ನಲ್ ಎದುರು ಕೂತು ಉತ್ತರ ಗೊತ್ತಿಲ್ಲದಾಗ ನಾವು "ಸಿಲಬಸ್‌ನಲ್ಲಿ ಇಲ್ಲ ಸರ್" ಅಂತೀವಲ್ಲ, ಅವರಿಗೂ ಅಂಥದೊಂದು ಸಿದ್ಧ ಉತ್ತರ ಇದೆ: ಈ ವಿಷಯ ಮುಂದೆ ನನ್ನ ಎದುರೇ ಬರಬಹುದು, ಹಾಗಾಗಿ ಈಗ ಏನೂ ಹೇಳಲಾರೆ. 1993ರಲ್ಲಿ ರೂತ್ ಬೇಡರ್ ಗಿನ್ಸ್‌ಬರ್ಗ್ ಸುಳಿವು ಕೊಡಲ್ಲ, ಮುನ್ಸೂಚನೆಯನ್ನೂ ಕೊಡಲ್ಲ ಅಂದಿದ್ದನ್ನು ಆಮೇಲೆ ಬಂದ ಎಡಪಂಥದವರೂ ಬಲಪಂಥದವರೂ ಕಂಠಪಾಠ ಮಾಡಿಕೊಂಡಿದ್ದಾರೆ. ವ್ಯತ್ಯಾಸ ಇಷ್ಟೇ, ನಮಗೆ ಮಾರ್ಕ್ಸ್ ಹೋಗುತ್ತೆ, ಅವರಿಗೆ ಸಿಗುತ್ತೆ.

2020ರ ಅಕ್ಟೋಬರ್‌ನಲ್ಲಿ ಏಮಿ ಕೋನಿ ಬ್ಯಾರೆಟ್ ಅವರ ವಿಚಾರಣೆ ನಡೆಯಿತು. ಸೆನೆಟರ್ ಜಾನ್ ಕೆನೆಡಿ ಹವಾಮಾನ ಬದಲಾವಣೆ ಬಗ್ಗೆ ಕೇಳಿದಾಗ, ನಾನು ವಿಜ್ಞಾನಿ ಅಲ್ಲ, ಗಟ್ಟಿ ಅಭಿಪ್ರಾಯ ಇಟ್ಟುಕೊಂಡಿಲ್ಲ ಅನ್ನೋ ಅರ್ಥದ ಉತ್ತರ ಬಂತು. ಮಾರನೇ ದಿನ ಕಮಲಾ ಹ್ಯಾರಿಸ್ ಮೂರು ಪ್ರಶ್ನೆಗಳ ಮೆಟ್ಟಿಲು ಕಟ್ಟಿದರು. ಕೋವಿಡ್ ಸೋಂಕುರೋಗವೇ? ಹೌದು. ಸಿಗರೇಟು ಸೇದಿದರೆ ಕ್ಯಾನ್ಸರ್ ಬರುತ್ತಾ? ಬರುತ್ತೆ, ಪ್ಯಾಕೆಟ್ ಮೇಲೇ ಬರೆದಿರುತ್ತೆ. ಹವಾಮಾನ ಬದಲಾಗ್ತಿದೆಯಾ, ಅದು ನಮ್ಮ ಗಾಳಿ ನೀರಿಗೆ ಅಪಾಯಾನಾ? ಇಲ್ಲಿ ಬ್ಯಾರೆಟ್ ನಿಂತುಬಿಟ್ಟರು. ಇದು ಸಾರ್ವಜನಿಕವಾಗಿ ತೀವ್ರ ವಿವಾದದಲ್ಲಿರುವ ವಿಷಯ, ನಾನು ಅಭಿಪ್ರಾಯ ಹೇಳೋದಿಲ್ಲ ಅಂದರು. ಪರಿಸರವಾದಿಗಳು ಕೆಂಡವಾದರು. ಅವರ ತಂದೆ ಶೆಲ್ ಆಯಿಲ್ ಕಂಪನಿಯ ವಕೀಲರಾಗಿದ್ದದ್ದೂ ಚರ್ಚೆಗೆ ಬಂತು. 52-48 ಮತಗಳಲ್ಲಿ ನೇಮಕ ಆಯಿತು.

ಈ ಉತ್ತರ ನನಗೂ ಹಿಡಿಸಲಿಲ್ಲ. ಇಂಗಾಲದ ಡೈಆಕ್ಸೈಡ್ ಶಾಖವನ್ನು ಹಿಡಿದಿಡುತ್ತೆ ಅನ್ನೋದು ವಿವಾದ ಅಲ್ಲ, ಅದು ಹೀಟ್ ಟ್ರಾನ್ಸ್‌ಫರ್. ಆದರೆ ಆಮೇಲೆ ಏನಾಯಿತು ನೋಡಿ. ನಾಕ್ಸ್ ತೀರ್ಪು 5-4ರ ತೀರ್ಪು. ಇಪಿಎ ಪರ ಭಿನ್ನಮತ ಬರೆದವರು ಯಾರು ಗೊತ್ತಾ? ಇದೇ ಬ್ಯಾರೆಟ್! ಮೂವರು ಉದಾರವಾದಿ ನ್ಯಾಯಮೂರ್ತಿಗಳು ಅವರ ಹಿಂದೆ ಸಹಿ ಹಾಕಿದರು. ಇಪಿಎ ನಿಯಮ ರೂಪಿಸುವಾಗ 23 ರಾಜ್ಯಗಳನ್ನು ಲೆಕ್ಕಕ್ಕೆ ತಗೊಂಡಿತ್ತು; ಬೇರೆ ಬೇರೆ ಕೋರ್ಟ್‌ಗಳ ತಡೆಯಿಂದ ಹಲವು ರಾಜ್ಯಗಳು ಹೊರಗೆ ಹೋದವು; ಉಳಿದವುಗಳಿಗೆ ಅದೇ ಲೆಕ್ಕ ಸರಿಹೊಂದುತ್ತೆ ಅಂತ ಇಪಿಎ ಸರಿಯಾಗಿ ವಿವರಿಸಿಲ್ಲ ಅನ್ನೋದು ಬಹುಮತದ ವಾದ. ಬ್ಯಾರೆಟ್ ಕಡತ ಬಿಚ್ಚಿ ಕೂತರು. ಒಂದು ಟನ್ ನಾಕ್ಸ್ ತಗ್ಗಿಸೋಕೆ ಎಷ್ಟು ಡಾಲರ್ ಖರ್ಚಾಗುತ್ತೆ ಅನ್ನೋ ಕರ್ವ್ ಬರೆದು, ಅದು ಮೊಣಕಾಲಿನ ಹಾಗೆ ಬಾಗೋ ಬಿಂದು ಹುಡುಕೋ ವಿಧಾನ ಅದು. ನಮ್ಮ ಆಪ್ಟಿಮೈಸೇಶನ್ ಕ್ಲಾಸಿನಲ್ಲಿ ಮಾಡ್ತೀವಲ್ಲ, ಅದೇ. ಈ ಲೆಕ್ಕ ರಾಜ್ಯಗಳ ಸಂಖ್ಯೆಯ ಮೇಲೆ ನಿಂತಿರೋ ಹಾಗೆ ಕಾಣೋದಿಲ್ಲ, ಹಾಗಾಗಿ ರಾಜ್ಯಗಳು ಗೆಲ್ಲೋ ಸಾಧ್ಯತೆ ಕಡಿಮೆ ಅನ್ನೋದು ಅವರ ವಾದದ ತಿರುಳು. ವಿಜ್ಞಾನಿ ಅಲ್ಲ ಅಂದವರು ಆ ಕೋಣೆಯಲ್ಲಿ ಲೆಕ್ಕವನ್ನು ಅಷ್ಟು ತಾಳ್ಮೆಯಿಂದ ಓದಿದ್ದರು.

ಅದು ಒಂದು ಸಲದ ಮಾತೂ ಅಲ್ಲ. 2025ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಕೇಸು ಬಂತು. ಕೊಳಚೆ ನೀರು ಬಿಡೋ ಪರ್ಮಿಟ್‌ನಲ್ಲಿ ಪೈಪಿನಿಂದ ಹೊರಬರೋ ನೀರಿಗೆ ಮಿತಿ ಹಾಕೋದಷ್ಟೇ ಅಲ್ಲದೆ, ನೀವು ಬಿಡೋ ನೀರಿನಿಂದ ಸಮುದ್ರದ ಗುಣಮಟ್ಟ ಕೆಡಬಾರದು ಅಂತಲೂ ಷರತ್ತು ಹಾಕಬಹುದಾ ಅನ್ನೋದು ಪ್ರಶ್ನೆ. ಹಾಕೋಹಾಗಿಲ್ಲ ಅಂತ 5-4ರಲ್ಲಿ ತೀರ್ಪಾಯಿತು. ಆಗಲೂ ಬ್ಯಾರೆಟ್ ಇಪಿಎ ಪರ, ಭಿನ್ನಮತದಲ್ಲಿ. ಅಂದಹಾಗೆ ಇಪಿಎ ವಿರುದ್ಧ ಕೋರ್ಟಿಗೆ ಹೋದದ್ದು ಪರಿಸರಪ್ರೇಮಕ್ಕೆ ಹೆಸರಾದ ಊರು. ಒಳಚರಂಡಿ ಬಿಲ್ಲು ತಮ್ಮ ಕೈಗೆ ಬಂದಾಗ ಎಲ್ಲರೂ ಕಾನೂನಿನ ವ್ಯಾಕರಣ ನೋಡ್ತಾರೆ.

ಹಾಗಂತ ಬ್ಯಾರೆಟ್ ಪರಿಸರದ ಕಡೆಯವರು ಅಂತ ಹಾರ ಹಾಕಬೇಡಿ. ಪವರ್ ಪ್ಲಾಂಟ್‌ಗಳ ಇಂಗಾಲದ ಮೇಲೆ ಇಪಿಎ ಅಧಿಕಾರವನ್ನು ಮೊಟಕು ಮಾಡಿದ 2022ರ ವೆಸ್ಟ್ ವರ್ಜೀನಿಯಾ ತೀರ್ಪಿನಲ್ಲಿ ಅವರು ಬಹುಮತದ ಜೊತೆಗಿದ್ದರು. 2023ರ ಸ್ಯಾಕೆಟ್ ಕೇಸಿನಲ್ಲೂ ಅಷ್ಟೇ. ಹೊಳೆ ಕೆರೆಗೆ ಮೇಲ್ಮೈಯಲ್ಲಿ ಎಡೆಬಿಡದೆ ಸೇರಿಕೊಂಡಿರೋ ಜೌಗು ಮಾತ್ರ ಜಲ ಕಾಯ್ದೆಯ ಅಡಿ ಬರುತ್ತೆ ಅಂತ ಆ ತೀರ್ಪು ಹೇಳಿತು. ನಡುವೆ ಒಂದು ಏರಿ ಇದ್ದರೆ ಕೆಳಗೆ ನೀರು ಹರಿಯಲ್ವಾ ಅಂತ ಯಾವ ಸಿವಿಲ್ ವಿದ್ಯಾರ್ಥಿಯಾದರೂ ಕೇಳ್ತಾನೆ. ಕಾನೂನಿನಲ್ಲಿ ಪಕ್ಕದ ಜೌಗು ಅಂತಿದೆಯೇ ಹೊರತು ಅಂಟಿಕೊಂಡಿರೋ ಜೌಗು ಅಂತಿಲ್ಲ, ಎರಡೂ ಒಂದೇ ಅಲ್ಲ ಅಂತ ಆ ಸಲ ಉದಾರವಾದಿಗಳ ಜೊತೆ ನಿಂತು ಆಕ್ಷೇಪ ಎತ್ತಿದವರು ಬ್ರೆಟ್ ಕ್ಯಾವನಾ, ಟ್ರಂಪ್ ಹೆಸರಿಸಿದ ಇನ್ನೊಬ್ಬರು.

ಹಾಗಾದರೆ ಹವಾಮಾನ ಬದಲಾವಣೆಯನ್ನು ನಂಬ್ತೀರಾ ಅನ್ನೋ ಪ್ರಶ್ನೆಯಿಂದ ಸೆನೆಟ್‌ಗೆ ಸಿಕ್ಕಿದ್ದೇನು? ಟಿವಿಗೆ ಒಂದು ಕ್ಲಿಪ್ಪು. ಮುಂದಿನ ತೀರ್ಪುಗಳ ಬಗ್ಗೆ ಹೆಚ್ಚು ಕಡಿಮೆ ಏನೂ ಇಲ್ಲ.

ಇದಕ್ಕೆ ಹೋಲಿಸಿದರೆ ಒಂದು ಕಪ್ಪೆ ಎಷ್ಟೋ ವಾಸಿ. 2003ರಲ್ಲಿ ಜಾನ್ ರಾಬರ್ಟ್ಸ್ ಇನ್ನೂ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟಿನಲ್ಲಿದ್ದರು. ಕ್ಯಾಲಿಫೋರ್ನಿಯಾದ ಅರೋಯೋ ಅನ್ನೋ ಅಳಿವಿನಂಚಿನ ನೆಲಗಪ್ಪೆಯ ಜಾಗದಲ್ಲಿ ಮನೆ ಕಟ್ಟೋ ಕಂಪನಿಯೊಂದರ ಕೇಸು. ತನ್ನದೇ ಕಾರಣಗಳಿಗಾಗಿ ಜೀವಮಾನವಿಡೀ ಕ್ಯಾಲಿಫೋರ್ನಿಯಾ ಬಿಟ್ಟು ಹೋಗದ ಬಡಪಾಯಿ ಕಪ್ಪೆ ಅಂತ ತಮಾಷೆಯಾಗಿ ಬರೆದು, ಒಂದೇ ರಾಜ್ಯದಲ್ಲಿರೋ ಕಪ್ಪೆಯನ್ನು ಅಂತರರಾಜ್ಯ ವಾಣಿಜ್ಯದ ಅಧಿಕಾರದಲ್ಲಿ ಕೇಂದ್ರ ಸರ್ಕಾರ ಹೇಗೆ ಕಾಪಾಡುತ್ತೆ ಅಂತ ಅವರು ಅನುಮಾನಪಟ್ಟರು. 2005ರಲ್ಲಿ ಮುಖ್ಯ ನ್ಯಾಯಮೂರ್ತಿ ಹುದ್ದೆಗೆ ಹೆಸರು ಬಂದಾಗ ಸೆನೆಟ್‌ನಲ್ಲಿ ಈ ಕಪ್ಪೆ ಎದ್ದು ಕೂತಿತು. ತುಂಬಾ ಜನ ಅದನ್ನು ಜೋಕ್ ಅಂತ ನೋಡಿದರು. ನನಗೆ ಅನ್ನಿಸೋದು, ಆ ಎರಡು ಪುಟ ಓದಿದ್ದರೆ ಸಾಕಾಗಿತ್ತು. ಕಪ್ಪೆಯ ಮೇಲಿನ ದ್ವೇಷ ಅಲ್ಲ ಅದು. ಕೇಂದ್ರದ ಅಧಿಕಾರಕ್ಕೆ ಸ್ಪಷ್ಟ ಗೆರೆ ಬೇಕು, ಗೆರೆ ಕಾಣದಿದ್ದರೆ ಅಧಿಕಾರ ಇಲ್ಲ ಅನ್ನೋ ಮನೋಧರ್ಮ. 2007ರಲ್ಲಿ ಹಸಿರುಮನೆ ಅನಿಲಗಳೂ ವಾಯುಮಾಲಿನ್ಯವೇ ಅಂತ 5-4ರಲ್ಲಿ ಹೇಳಿದ ಮ್ಯಾಸಚೂಸೆಟ್ಸ್ ಕೇಸಿನಲ್ಲಿ ರಾಬರ್ಟ್ಸ್ ಭಿನ್ನಮತ ಬರೆದರು. 2022ರ ವೆಸ್ಟ್ ವರ್ಜೀನಿಯಾ ತೀರ್ಪು ಅವರದೇ. ಲೋಪರ್ ಬ್ರೈಟ್ ಕೂಡ ಅವರದೇ. ಕಪ್ಪೆಯಿಂದ ನೇರವಾಗಿ ಗೆರೆ ಎಳೆಯಬಹುದು.

ಗೋರ್ಸಚ್ ಅವರ ಕಥೆ ಇನ್ನೂ ಸ್ವಾರಸ್ಯ. ಲೋಪರ್ ಬ್ರೈಟ್‌ನಲ್ಲಿ ಬಿದ್ದುಹೋದ ಆ ಹಳೇ ಪದ್ಧತಿಗೆ ಶೆವ್ರಾನ್ ಅಂತ ಹೆಸರು. 1977ರ ತಿದ್ದುಪಡಿಯಲ್ಲಿ ಮಾಲಿನ್ಯದ ಸ್ಥಿರ ಮೂಲ ಅಂತ ಒಂದು ಪದ ಇತ್ತು. ಸ್ಥಿರ ಮೂಲ ಅಂದರೆ ಒಂದೊಂದು ಚಿಮಣಿಯೋ, ಇಡೀ ಕಾರ್ಖಾನೆಯೋ? ಇಡೀ ಕಾರ್ಖಾನೆ ಅಂತ ಇಟ್ಟುಕೊಂಡರೆ ಒಂದು ಬಾಯ್ಲರ್‌ನಲ್ಲಿ ಹೊಗೆ ಹೆಚ್ಚಿಸಿ ಇನ್ನೊಂದರಲ್ಲಿ ತಗ್ಗಿಸಿ ಒಟ್ಟು ಸರಿದೂಗಿಸಬಹುದು. ಕಾರ್ಖಾನೆಯ ಮೇಲೆ ಗಾಜಿನ ಗುಳ್ಳೆ ಮುಚ್ಚಿದ ಹಾಗೆ. ಥರ್ಮೋಡೈನಮಿಕ್ಸ್‌ನಲ್ಲಿ ಕಂಟ್ರೋಲ್ ವಾಲ್ಯೂಮ್ ಎಲ್ಲಿ ಎಳೀತೀರಿ ಅನ್ನೋದೇ ಪ್ರಶ್ನೆ. ರೇಗನ್ ಸರ್ಕಾರದ ಇಪಿಎ ಗುಳ್ಳೆಯನ್ನೇ ಆರಿಸಿತು. ಆಗ ಇಪಿಎ ಮುಖ್ಯಸ್ಥೆ ಆನ್ ಗೋರ್ಸಚ್, ನೀಲ್ ಅವರ ತಾಯಿ. ಪರಿಸರ ಸಂಘಟನೆಯೊಂದು ಕೋರ್ಟಿಗೆ ಹೋಯಿತು. 1982ರಲ್ಲಿ ಗುಳ್ಳೆ ಒಡೆದ ತೀರ್ಪು ಬರೆದವರು ಆಗಿನ್ನೂ ಮೇಲ್ಮನವಿ ಕೋರ್ಟಿನಲ್ಲಿದ್ದ ಗಿನ್ಸ್‌ಬರ್ಗ್. 1984ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ಸಂಸ್ಥೆ ಹೇಳಿದ ಅರ್ಥ ಸಮಂಜಸವಾಗಿದೆ, ನಾವು ಕೈ ಹಾಕಲ್ಲ ಅಂದಿತು. ಅಂದರೆ ಶೆವ್ರಾನ್ ಹುಟ್ಟಿದ್ದು ಪರಿಸರವಾದಿಗಳ ಸೋಲಾಗಿ, ಕಂಪನಿಗಳ ಗೆಲುವಾಗಿ. 40 ವರ್ಷ ಬಿಟ್ಟು ಅದು ಸತ್ತಾಗ ಅತ್ತವರು ಪರಿಸರವಾದಿಗಳು! ತಾಯಿಯ ಇಪಿಎಗೆ ಗೆಲುವು ತಂದ ಸಿದ್ಧಾಂತವನ್ನು ಮುಗಿಸಿದ ಬಹುಮತದಲ್ಲಿ ಮಗನೂ ಇದ್ದರು.

ಮಗ ಹಾಗೆ ಮಾಡ್ತಾರೆ ಅಂತ ಮೊದಲೇ ಗೊತ್ತಾಗೋ ದಾರಿ ಇತ್ತಾ? ಇತ್ತು. 2016ರಲ್ಲಿ ಒಂದು ವಲಸೆ ಕೇಸಿನಲ್ಲಿ ಅವರು ಶೆವ್ರಾನ್ ವಿರುದ್ಧ ಉದ್ದಕ್ಕೆ ಬರೆದಿದ್ದರು. ಗಮನಿಸಿ, ವಲಸೆ ಕೇಸು. ಮರ, ಹೊಗೆ, ನೀರು ಯಾವುದೂ ಇಲ್ಲ. ಪರಿಸರ ಅಂತ ಸರ್ಚ್ ಕೊಟ್ಟರೆ ಸಿಗದ ಪುಟ ಅದು. 2017ರ ವಿಚಾರಣೆಯಲ್ಲಿ ಕೆಲವು ಸೆನೆಟರ್‌ಗಳು ಆ ಪುಟವನ್ನು ಹಿಡಿದು ಕೇಳಿದ್ದರು ಕೂಡ. ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು, ಆದರೆ ಅದು ಟಿವಿಯಲ್ಲಿ ಓಡೋ ಪ್ರಶ್ನೆ ಅಲ್ಲ.

ನನ್ನ ವಾದ ಇಷ್ಟು. ಪರಿಸರ ಕಾನೂನಿನ ಬಗ್ಗೆ ಜಡ್ಜ್ ಆಗೋರ ದೃಷ್ಟಿ ತೂಗಬೇಕಾದರೆ ಅವರ ಮನಸ್ಸಿನಲ್ಲಿ ಎಷ್ಟು ಹಸಿರಿದೆ ಅಂತ ಅಳೆಯೋದು ವ್ಯರ್ಥ. ತಜ್ಞರ ಲೆಕ್ಕ ಮತ್ತು ತಮ್ಮ ಓದು ಬೇರೆ ಬೇರೆ ಆದಾಗ ಹಿಂದೆ ಏನು ಮಾಡಿದ್ದಾರೆ? ಹೊಗೆ ಕುಡಿದವನು ಕೋರ್ಟಿಗೆ ಬಂದಾಗ ಬಾಗಿಲು ತೆರೆದಿದ್ದಾರೋ, ನಿನಗೇ ಆಗಿರೋ ಹಾನಿ ಸಾಬೀತು ಮಾಡು ಅಂತ ವಾಪಸ್ ಕಳಿಸಿದ್ದಾರೋ? ಮ್ಯಾಸಚೂಸೆಟ್ಸ್ ಕೇಸಿನ ಅರ್ಧ ಜಗಳ ಇದೇ ಆಗಿತ್ತು. ತಮಗೆ ಇಷ್ಟವಿಲ್ಲದ ಕಡೆಗೆ ಕಾನೂನು ಕರೆದುಕೊಂಡು ಹೋದಾಗ ಹೋಗಿದ್ದಾರಾ? ಇವೆಲ್ಲ ಬರೆದಿಟ್ಟ ತೀರ್ಪುಗಳಲ್ಲಿ ಸಿಗುತ್ತವೆ, ಮುಂದಿನ ಕೇಸಿಗೆ ಮಾತು ಕೊಡಿ ಅಂತ ಯಾರನ್ನೂ ಪೀಡಿಸಬೇಕಾಗಿಲ್ಲ.

ಇದಕ್ಕೆ ಒಂದು ಆಕ್ಷೇಪ ಹಾಸ್ಟೆಲ್‌ನಲ್ಲೇ ಕೇಳಿದೆ. ವಿಜ್ಞಾನದ ಸತ್ಯವನ್ನೇ ಒಪ್ಪದವರು ಕಡತ ಸರಿಯಾಗಿ ಓದ್ತಾರೆ ಅಂತ ಹೇಗೆ ನಂಬೋದು ಅಂತ. ನ್ಯಾಯವಾದ ಪ್ರಶ್ನೆ. 2006ರ ನವೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್ ವಾದ ನಡೆಯುವಾಗ ನ್ಯಾಯಮೂರ್ತಿ ಸ್ಕಾಲಿಯಾ ಸ್ಟ್ರಾಟೋಸ್ಫಿಯರ್ ಅಂದರು, ವಕೀಲರು ಅದು ಟ್ರೋಪೋಸ್ಫಿಯರ್ ಅಂತ ತಿದ್ದಿದರು. ಏನೋ ಒಂದು, ನಾನು ವಿಜ್ಞಾನಿ ಅಲ್ಲ ಅಂತ ಹೇಳಿದೆನಲ್ಲ, ಅದಕ್ಕೇ ಈ ಭೂತಾಪದ ಗೊಡವೆ ನನಗೆ ಬೇಡ ಅನ್ನೋ ಧಾಟಿಯಲ್ಲಿ ಅವರು ಉತ್ತರ ಕೊಟ್ಟರು, ಕೋರ್ಟ್ ನಕ್ಕಿತು. ಸ್ಕಾಲಿಯಾ 1986ರಲ್ಲಿ 98-0ರಲ್ಲಿ ಒಪ್ಪಿಗೆ ಪಡೆದವರು. ನನಗೆ ಅಲ್ಲಿ ಕಸಿವಿಸಿ ಆಗೋದು ಪದ ತಪ್ಪಿದ್ದಕ್ಕಲ್ಲ. ಗೊತ್ತಿಲ್ಲ, ಹಾಗಾಗಿ ತಜ್ಞರಿಗೆ ಬಿಡ್ತೀನಿ ಅನ್ನೋದು ಒಂದು ದಾರಿ. ಗೊತ್ತಿಲ್ಲ, ಆದರೂ ಕೊನೆಯ ಮಾತು ನನ್ನದೇ ಅನ್ನೋದು ಇನ್ನೊಂದು. ನಾನು ವಿಜ್ಞಾನಿ ಅಲ್ಲ ಅನ್ನೋ ವಾಕ್ಯ ಎರಡೂ ಕಡೆ ಹೊಂದುತ್ತೆ. ಹಾಗೆ ಅಂದವರನ್ನು ಸೆನೆಟರ್‌ಗಳು ಅಲ್ಲಿಗೇ ಬಿಡದೆ, ಸರಿ, ಮುಂದೇನು ಅಂತ ಕೇಳಬೇಕು.

ಈಗ ನಮ್ಮ ಕಡೆ. ನಮ್ಮಲ್ಲಿ ಕೇಳೋದೇ ಇಲ್ಲ. ಸುಪ್ರೀಂ ಕೋರ್ಟಿನ ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಹೆಸರು ಕಳಿಸುತ್ತೆ, ಸರ್ಕಾರ ನೇಮಿಸುತ್ತೆ. ಇದನ್ನು ಬದಲಾಯಿಸೋಕೆ ತಂದ ನ್ಯಾಯಾಂಗ ನೇಮಕಾತಿ ಆಯೋಗವನ್ನು 2015ರ ಅಕ್ಟೋಬರ್‌ನಲ್ಲಿ ಕೋರ್ಟ್ 4-1ರಲ್ಲಿ ರದ್ದು ಮಾಡಿತು. ನಮಗೆ ಟಿವಿ ವೈವಾ ಬೇಕು ಅಂತ ನಾನು ಹೇಳಲ್ಲ. ನಮ್ಮ ಚಾನೆಲ್‌ಗಳ ಕೈಗೆ ಅದು ಸಿಕ್ಕರೆ ಏನಾಗುತ್ತೆ ಅಂತ ಊಹಿಸಿ. ಆದರೆ ಯಾರು ಕೂತಿದ್ದಾರೆ ಅನ್ನೋದರಿಂದ ಇಲ್ಲೂ ವ್ಯತ್ಯಾಸ ಆಗುತ್ತೆ. 2025ರ ಮೇ 16ರಂದು ವನಶಕ್ತಿ ಕೇಸಿನಲ್ಲಿ ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್, ಮೊದಲು ಕಟ್ಟಿ ಆಮೇಲೆ ಪರಿಸರ ಅನುಮತಿ ಪಡೆಯೋ ಪದ್ಧತಿ ಕಾನೂನುಬಾಹಿರ ಅಂದರು. ಕೆಲವೇ ದಿನಗಳಲ್ಲಿ ಓಕಾ ನಿವೃತ್ತರಾದರು. ನವೆಂಬರ್ 18ಕ್ಕೆ ಮೂವರ ಪೀಠ 2-1ರಲ್ಲಿ ಆ ತೀರ್ಪನ್ನೇ ಹಿಂದಕ್ಕೆ ಪಡೆಯಿತು. ಸಾವಿರಾರು ಕೋಟಿಯ ಸಾರ್ವಜನಿಕ ಕಟ್ಟಡಗಳನ್ನು ಒಡೆಯಬೇಕಾಗುತ್ತೆ ಅನ್ನೋದು ಬಹುಮತದ ಚಿಂತೆ. ಒಪ್ಪದ ಆ ಒಬ್ಬರು ಭುಯಾನ್. ಆರು ತಿಂಗಳಲ್ಲಿ ಕಾನೂನಿನ ಅಕ್ಷರ ಒಂದೂ ಬದಲಾಗಿರಲಿಲ್ಲ.

ಕುದುರೆಮುಖದ ಗಣಿ 2005ರ ಕೊನೆಗೆ ನಿಂತದ್ದು 2002ರ ಸುಪ್ರೀಂ ಕೋರ್ಟ್ ಆದೇಶದಿಂದ ಅಂತ ನಮಗೆ ಹೆಮ್ಮೆ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಿಡಬೇಕು ಅಂತ 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ್ದನ್ನು, ಮಾಸ್ಟರ್ ಪ್ಲಾನ್ ಬದಲಾಯಿಸೋ ಅಧಿಕಾರ ನಿಮಗಿಲ್ಲ ಅಂತ 2019ರಲ್ಲಿ ರದ್ದು ಮಾಡಿದ್ದೂ ಅದೇ ಕೋರ್ಟ್. ಅಲ್ಲೂ ಜಗಳ ಕೆರೆ ಬೇಕೋ ಬೇಡವೋ ಅಂತ ಇರಲಿಲ್ಲ, ಮೀಟರ್ ಲೆಕ್ಕ ಹೇಳೋ ಅಧಿಕಾರ ಯಾರದು ಅಂತ ಇತ್ತು. ಕೊಲಿಜಿಯಂ ಒಂದು ಹೆಸರು ಕಳಿಸುವಾಗ, ಆ ವ್ಯಕ್ತಿ ಹೈಕೋರ್ಟಿನಲ್ಲಿ ಬರೆದ ಮುಖ್ಯ ಪರಿಸರ ತೀರ್ಪುಗಳ ಪಟ್ಟಿಯನ್ನೂ ತನ್ನ ನಿರ್ಣಯದ ಜೊತೆ ವೆಬ್‌ಸೈಟಿಗೆ ಹಾಕಲಿ. ಇಂಟರ್ವ್ಯೂ ಬೇಡ, ಪಿಡಿಎಫ್ ಸಾಕು.

ಇನ್ನೊಂದು ವಿಷಯ ನಮ್ಮ ಪ್ಲೇಸ್‌ಮೆಂಟ್ ಸೆಲ್‌ನವರು ಯಾರೂ ಹೇಳಿರಲ್ಲ. ಹಸಿರು ನ್ಯಾಯಮಂಡಳಿಯ ಪೀಠದಲ್ಲಿ ಜಡ್ಜ್‌ಗಳ ಪಕ್ಕ ತಜ್ಞ ಸದಸ್ಯರೂ ಕೂರ್ತಾರೆ, ತೀರ್ಪಿಗೆ ಸಹಿ ಹಾಕ್ತಾರೆ. 2010ರ ಕಾಯ್ದೆ ಪ್ರಕಾರ ಎಂ.ಇ. ಅಥವಾ ಎಂ.ಟೆಕ್ ಮಾಡಿ, ಕ್ಷೇತ್ರದಲ್ಲಿ 15 ವರ್ಷ ಕೆಲಸ ಮಾಡಿ, ಅದರಲ್ಲಿ 5 ವರ್ಷ ಪರಿಸರ ಮತ್ತು ಅರಣ್ಯಕ್ಕೆ ಸಂಬಂಧಿಸಿದ ಅನುಭವ ಇದ್ದರೆ ನಮ್ಮಂಥವರೂ ಅಲ್ಲಿಗೆ ಅರ್ಹರು. ನಿಮ್ಮಲ್ಲಿ ಯಾರಾದರೂ 2045ರ ಹೊತ್ತಿಗೆ ಆ ಆಯ್ಕೆ ಸಮಿತಿಯ ಮುಂದೆ ಕೂತರೆ, ನಿಮ್ಮನ್ನು ಹವಾಮಾನ ಬದಲಾವಣೆ ನಂಬ್ತೀರಾ ಅಂತ ಕೇಳೋ ಬದಲು ಆ ನಾಕ್ಸ್ ಕರ್ವ್ ಕೈಗೆ ಕೊಟ್ಟು, ಮೊಣಕಾಲು ಎಲ್ಲಿ ಬಾಗಿದೆ ತೋರಿಸಿ, ಕಂಪನಿಯವರು ಯಾಕೆ ಅಲ್ಲಿ ಅಲ್ಲ ಅಂತಿದ್ದಾರೆ ಅದನ್ನೂ ಹೇಳಿ ಅಂತ ಕೇಳಲಿ.